ತಪ್ಪುತ್ತಲೇ ಗೆದ್ದ ಇನ್ಸ್‌ಪೆಕ್ಟರ್ ಮೋರ್ಸ್

ಎರಡು ಗೆರೆ. ಸ್ವಲ್ಪ ಬಿಡುವು. ಮೂರು ಗೆರೆ. ಮತ್ತೆ ಬಿಡುವು. ಆಮೇಲೆ ಚುಕ್ಕಿ, ಗೆರೆ, ಚುಕ್ಕಿ. ನಂತರ ಮೂರು ಚುಕ್ಕಿ. ಕೊನೆಗೆ ಒಂಟಿ ಚುಕ್ಕಿ. ತಂತಿ ಕಚೇರಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನ ಎಂ, ಓ, ಆರ್, ಎಸ್, ಇ ಎಂಬ ಐದು ಅಕ್ಷರಗಳನ್ನು ತಂತಿಯ ಸಂಕೇತದಲ್ಲಿ ಬಡಿದರೆ ಬರುವ ಸದ್ದು ಇದು. ಕೂಡಿಸಿ ಓದಿದರೆ 'ಮೋರ್ಸ್'. 1987ರ ಜನವರಿಯಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಒಂದು ಪತ್ತೇದಾರಿ ಸರಣಿ ಆರಂಭವಾದಾಗ, ಅದರ ಶೀರ್ಷಿಕೆ ಸಂಗೀತದೊಳಗೆ ಸಂಗೀತಗಾರ ಬ್ಯಾರಿಂಗ್ಟನ್ ಫೆಲಂಗ್ ಈ ಗೆರೆ-ಚುಕ್ಕಿಗಳ ಲಯವನ್ನು ಅಡಗಿಸಿಟ್ಟಿದ್ದರು. ಲಕ್ಷಾಂತರ ಮಂದಿ ವಾರವಾರವೂ ಕೇಳಿದರು. ಅದು ಬರೀ ರಾಗವಲ್ಲ, ಪತ್ತೇದಾರನ ಹೆಸರೇ ಹೌದು ಎಂದು ಗುರುತಿಸಿದವರು ಕೆಲವೇ ಮಂದಿ.

ಎದುರಿಗೇ ಇಟ್ಟು ಕಾಣದಂತೆ ಮಾಡುವುದು ಪತ್ತೇದಾರಿ ಕಥೆಗಾರನ ಹಳೆಯ ವಿದ್ಯೆ. ಚೀಫ್ ಇನ್ಸ್‌ಪೆಕ್ಟರ್ ಮೋರ್ಸ್‌ನನ್ನು ಸೃಷ್ಟಿಸಿದ ಕಾಲಿನ್ ಡೆಕ್ಸ್ಟರ್ ಆ ವಿದ್ಯೆಯಲ್ಲಿ ಪಳಗಿದ ಕೈ. 1975ರಿಂದ 1999ರವರೆಗೆ, ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರು ಮೋರ್ಸ್‌ನ ಬಗ್ಗೆ ಬರೆದದ್ದು 13 ಕಾದಂಬರಿ ಮಾತ್ರ. ಆದರೆ ಕಿರುತೆರೆಯಲ್ಲಿ ಅವು 33 ಕಂತುಗಳಾಗಿ ಬೆಳೆದವು. ಮೋರ್ಸ್ ಸತ್ತ ಮೇಲೆ ಅವನ ಸಹಾಯಕ ಲೂಯಿಸ್‌ನ ಹೆಸರಿನಲ್ಲಿ 2006ರಿಂದ 2015ರವರೆಗೆ ಇನ್ನೊಂದು ಸರಣಿ, ಮೋರ್ಸ್‌ನ ತರುಣ ವಯಸ್ಸಿನ ಕಥೆಯಾಗಿ 2012ರಿಂದ 2023ರವರೆಗೆ ಮತ್ತೊಂದು ಸರಣಿ ಬಂದವು. ಒಬ್ಬ ಕಲ್ಪನೆಯ ಪೊಲೀಸನಿಗೆ ಇದು ಸಣ್ಣ ಆಯುಸ್ಸಲ್ಲ.

ಬ್ರಿಟಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ದೀರ್ಘಾಯುಷಿಗಳಿಗೆ ಬರವೂ ಇಲ್ಲ. ನೈಯೋ ಮಾರ್ಷ್ ಅವರ ಅಲೀನ್ 1934ರಿಂದ 1982ರವರೆಗೆ 32 ಕಾದಂಬರಿಗಳಲ್ಲಿ ದುಡಿದ. ಪಿ.ಡಿ. ಜೇಮ್ಸ್ ಅವರ ಡಾಲ್ಗ್ಲೀಷ್ 1962ರಿಂದ 2008ರವರೆಗೆ, ರೂತ್ ರೆಂಡೆಲ್ ಅವರ ವೆಕ್ಸ್‌ಫರ್ಡ್ 1964ರಿಂದ 2013ರವರೆಗೆ ಬಾಳಿದರು. ಷರ್ಲಾಕ್ ಹೋಮ್ಸ್‌ನಂತೆ ಇವರು ಖಾಸಗಿ ಪತ್ತೇದಾರರಲ್ಲ, ಸಂಬಳಕ್ಕೆ ದುಡಿಯುವ ಪೊಲೀಸರು. ಮೇಲಧಿಕಾರಿಗೆ ಉತ್ತರ ಹೇಳಬೇಕು, ವರದಿ ಬರೆಯಬೇಕು, ನಿವೃತ್ತಿಯ ದಿನ ಎಣಿಸಬೇಕು. ಇವರೆಲ್ಲರ ನಡುವೆ ಮೋರ್ಸ್ ಒಂದು ಕಾರಣಕ್ಕೆ ಬೇರೆಯಾಗಿ ನಿಲ್ಲುತ್ತಾನೆ. ಅವನಷ್ಟು ಸಲ ತಪ್ಪು ಮಾಡಿದ ದೊಡ್ಡ ಪತ್ತೇದಾರ ಸಾಹಿತ್ಯದಲ್ಲಿ ಅಪರೂಪ.

ಮಳೆಯಲ್ಲಿ ಹುಟ್ಟಿದವನು

ಕಾಲಿನ್ ಡೆಕ್ಸ್ಟರ್ ಹುಟ್ಟಿದ್ದು 1930ರಲ್ಲಿ, ಲಿಂಕನ್‌ಷೈರಿನ ಸ್ಟ್ಯಾಮ್‌ಫರ್ಡ್ ಎಂಬ ಪುಟ್ಟ ಊರಿನಲ್ಲಿ. ಕಡ್ಡಾಯ ಸೈನಿಕ ಸೇವೆಯನ್ನು ಸೈನ್ಯದ ಸಂದೇಶ ವಿಭಾಗದಲ್ಲಿ ಮುಗಿಸಿ, ಕೇಂಬ್ರಿಜ್‌ನಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಓದಿದರು. 1954ರಿಂದ ಲೆಸ್ಟರ್, ಲಫ್‌ಬರೊ, ಕಾರ್ಬಿ ಊರುಗಳ ಶಾಲೆಗಳಲ್ಲಿ ಮೇಷ್ಟರಾಗಿ ಅದೇ ಭಾಷೆಗಳನ್ನು ಕಲಿಸಿದರು.

1972ರಲ್ಲಿ ಸಂಸಾರ ಸಮೇತ ವೇಲ್ಸ್‌ಗೆ ರಜೆಗೆ ಹೋಗಿದ್ದಾಗ ಮಳೆ ಹಿಡಿಯಿತು. ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ಮಕ್ಕಳಿಗೆ ಬೇಸರ. ಅಪ್ಪನಿಗೆ ಕೈಗೆ ಸಿಕ್ಕಿದ ಪತ್ತೇದಾರಿ ಕಾದಂಬರಿ ಅಷ್ಟೇನೂ ರುಚಿಸಲಿಲ್ಲ. ಇದಕ್ಕಿಂತ ಚೆನ್ನಾಗಿ ತಾನೇ ಬರೆಯಬಹುದಲ್ಲ ಎಂದು ಅಡುಗೆಮನೆಯ ಮೇಜಿನ ಮುಂದೆ ಕುಳಿತು ಒಂದೆರಡು ಪುಟ ಗೀಚಿದರು. ಅದು 1975ರಲ್ಲಿ 'ಲಾಸ್ಟ್ ಬಸ್ ಟು ವುಡ್‌ಸ್ಟಾಕ್' ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಆಗ ಲೇಖಕರಿಗೆ ನಲವತ್ತೈದರ ಹತ್ತಿರ.

ಮೋರ್ಸ್ ಎಂಬ ಹೆಸರು ತಂತಿ ಸಂಕೇತದ ಸ್ಯಾಮ್ಯುಯೆಲ್ ಮೋರ್ಸ್‌ನಿಂದ ಬಂದದ್ದೆಂದು ಯಾರಾದರೂ ಊಹಿಸಿಯಾರು. ಅದು ತಪ್ಪು ಜಾಡು. ಡೆಕ್ಸ್ಟರ್ ಅವರಿಗೆ ಪದಬಂಧದ ಹುಚ್ಚು. 'ಅಬ್ಸರ್ವರ್' ಪತ್ರಿಕೆಯ ಅತಿ ಕಠಿಣವಾದ ಪದಬಂಧ ಸ್ಪರ್ಧೆಯಲ್ಲಿ ಅವರೊಂದಿಗೆ ಪೈಪೋಟಿ ನಡೆಸುತ್ತಿದ್ದವರಲ್ಲಿ ಒಬ್ಬರು ಸರ್ ಜೆರೆಮಿ ಮೋರ್ಸ್. ಇವರು ಮುಂದೆ ಲಾಯ್ಡ್ಸ್ ಬ್ಯಾಂಕಿನ ಅಧ್ಯಕ್ಷರಾದರು. ಇನ್ನೊಬ್ಬರು 'ಮಿಸೆಸ್ ಬಿ. ಲೂಯಿಸ್' ಎಂಬ ಗುಪ್ತನಾಮದಲ್ಲಿ ಉತ್ತರ ಕಳಿಸುತ್ತಿದ್ದ ಮಹಿಳೆ. ತಮಗಿಂತ ಜಾಣರೆಂದು ಒಪ್ಪಿಕೊಂಡ ಈ ಇಬ್ಬರ ಹೆಸರನ್ನೂ ಅವರು ತಮ್ಮ ಪೊಲೀಸ್ ಜೋಡಿಗೆ ಇಟ್ಟುಬಿಟ್ಟರು.

ಇಂಗ್ಲಿಷಿನ ಆ ಬಗೆಯ ಪದಬಂಧದ ಸ್ವಭಾವ ಗೊತ್ತಿದ್ದರೆ ಮೋರ್ಸ್‌ನ ಕಥೆಗಳ ಕಟ್ಟಡವೂ ಅರ್ಥವಾಗುತ್ತದೆ. ಅಲ್ಲಿ ಸುಳಿವು ನೇರವಾಗಿರುವುದಿಲ್ಲ. ಕನ್ನಡದಲ್ಲಿ ಅಂಥದೊಂದನ್ನು ಹೀಗೆ ಕಟ್ಟಬಹುದು: 'ಕೊರಳಿನ ಆಭರಣ ತಿರುಗಿ ನಿಂತರೆ ಹಣ್ಣಿನಿಂದ ಹರಿಯುತ್ತದೆ (2).' ಓದಿದವರ ಮನಸ್ಸು ಮೊದಲು ಚಿನ್ನದಂಗಡಿಗೆ ಹೋಗುತ್ತದೆ. ಬೇಕಾದದ್ದು ಅಲ್ಲಿಲ್ಲ. ಕೊರಳಿನ ಆಭರಣ 'ಸರ', ತಿರುಗಿಸಿದರೆ 'ರಸ'. ಸುಳಿವಿನಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ದಾರಿ ತಪ್ಪಿದ್ದು ಓದಿದವರ ಅಭ್ಯಾಸಬಲದಿಂದ. ಡೆಕ್ಸ್ಟರ್ ಅವರ ಕಾದಂಬರಿಗಳಲ್ಲಿ ಸಾಕ್ಷಿಗಳ ಹೇಳಿಕೆಗಳೂ ಹೀಗೇ ಇರುತ್ತವೆ. ಎಲ್ಲ ನಿಜ, ಆದರೆ ಬೇರೆ ಬಾಗಿಲಿಗೆ ಕರೆದೊಯ್ಯುವ ನಿಜ.

ಕೇಳದ ಕಿವಿ, ಓದಿದ ತುಟಿ

ಮೇಷ್ಟರ ಕೆಲಸ ಡೆಕ್ಸ್ಟರ್ ಅವರಿಗೆ ಇಷ್ಟವಾಗಿತ್ತು. ಆದರೆ ಕಿವಿ ಮಂದವಾಗುತ್ತ ಬಂತು. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ ಕೇಳಿದ ಪ್ರಶ್ನೆ ಮೇಷ್ಟರಿಗೆ ತಲುಪದಿದ್ದರೆ ಪಾಠ ಅಲ್ಲಿಗೆ ನಿಂತಂತೆ. ಪ್ರಶ್ನೆಯನ್ನು ಒಮ್ಮೆ ಮತ್ತೆ ಹೇಳು ಎನ್ನಬಹುದು, ಎರಡು ಸಲ ಎನ್ನಬಹುದು. ಮೂರನೆಯ ಸಲಕ್ಕೆ ಮಕ್ಕಳು ನಗುತ್ತಾರೆ, ಇಲ್ಲವೆ ಕೇಳುವುದನ್ನೇ ಬಿಡುತ್ತಾರೆ. 1966ರಲ್ಲಿ, ಮೂವತ್ತಾರರ ಆಸುಪಾಸಿನಲ್ಲಿ, ಡೆಕ್ಸ್ಟರ್ ಶಾಲೆ ಬಿಟ್ಟರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಳಿಯಲ್ಲಿ ಹುದ್ದೆ ಹಿಡಿದು 1988ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಅಂದರೆ ಮೋರ್ಸ್‌ನ ಮೊದಲ ಏಳು ಕಾದಂಬರಿಗಳೂ ಒಬ್ಬ ನೌಕರಸ್ಥ ಬಿಡುವಿನಲ್ಲಿ ಬರೆದವು.

ಈ ಎರಡು ಅನುಭವಗಳೂ, ಕಿವುಡು ಮತ್ತು ಪರೀಕ್ಷಾ ಮಂಡಳಿ, ಒಟ್ಟಿಗೆ ಬಂದು ನಿಂತದ್ದು 1977ರ 'ದಿ ಸೈಲೆಂಟ್ ವರ್ಲ್ಡ್ ಆಫ್ ನಿಕೊಲಸ್ ಕ್ವಿನ್' ಕಾದಂಬರಿಯಲ್ಲಿ. ಹೊರದೇಶಗಳ ವಿದ್ಯಾರ್ಥಿಗಳಿಗೆ ಪರೀಕ್ಷೆ ನಡೆಸುವ ಆಕ್ಸ್‌ಫರ್ಡಿನ ಒಂದು ಕಲ್ಪಿತ ಸಂಸ್ಥೆಗೆ ಕ್ವಿನ್ ಎಂಬ ಕಿವುಡ ಹೊಸದಾಗಿ ಸೇರುತ್ತಾನೆ. ಕೆಲವೇ ತಿಂಗಳಲ್ಲಿ ಸಯನೈಡ್ ವಿಷದಿಂದ ಸಾಯುತ್ತಾನೆ. ಪ್ರಶ್ನೆಪತ್ರಿಕೆ ಮೊದಲೇ ಹೊರಬೀಳುತ್ತಿದೆಯೇ ಎಂಬ ಅನುಮಾನ ಕಥೆಯ ಬೆನ್ನಲ್ಲಿದೆ. ಪ್ರಶ್ನೆಪತ್ರಿಕೆಯ ಬಯಲಾಟ ಕಂಡ ಯಾವ ಊರಿನ ಓದುಗನಿಗೂ ಇದರ ಗಂಭೀರತೆಯನ್ನು ವಿವರಿಸಬೇಕಿಲ್ಲ.

ಕ್ವಿನ್‌ನಿಗೆ ಕಿವಿ ಕೇಳದಿದ್ದರೂ ತುಟಿ ನೋಡಿ ಮಾತು ತಿಳಿಯುವುದರಲ್ಲಿ ಅವನು ನಿಪುಣ. ಕೋಣೆಯ ಆ ತುದಿಯಲ್ಲಿ ಇಬ್ಬರು ಪಿಸುಗುಟ್ಟಿದರೂ ಅವನಿಗೆ ಗೊತ್ತಾಗುತ್ತದೆ. ಆದರೆ ಈ ಕಲೆಗೆ ಪ್ರಕೃತಿಯೇ ಹಾಕಿದ ಒಂದು ಎಲ್ಲೆಯಿದೆ. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ 'ಮಾವ' ಎಂದು ಹೇಳಿ ನೋಡಬೇಕು, ಬಳಿಕ 'ಬಾವ' ಎನ್ನಬೇಕು. ಎರಡಕ್ಕೂ ತುಟಿಗಳು ಒಂದೇ ರೀತಿ ಕೂಡಿ ಒಂದೇ ರೀತಿ ತೆರೆಯುತ್ತವೆ. ಕನ್ನಡಿಯೊಳಗಿನವನು ಕರೆದದ್ದು ಮಾವನನ್ನೋ ಬಾವನನ್ನೋ ಹೇಳಲಾಗದು. ಕಾರಣ ಸರಳ. ಪ, ಬ, ಮ ಮೂರೂ ತುಟಿಗಳಲ್ಲೇ ಹುಟ್ಟುವ ಧ್ವನಿಗಳು. 'ಬ' ನುಡಿಯುವಾಗ ಗಂಟಲಿನ ತಂತುಗಳು ಕಂಪಿಸುತ್ತವೆ, 'ಪ' ನುಡಿಯುವಾಗ ಕಂಪಿಸುವುದಿಲ್ಲ. 'ಮ'ಕ್ಕೆ ಉಸಿರು ಮೂಗಿನ ದಾರಿ ಹಿಡಿಯುತ್ತದೆ. ಗಂಟಲೂ ಮೂಗಿನ ಒಳದಾರಿಯೂ ನೋಡುವವರ ಕಣ್ಣಿಗೆ ಕಾಣುವುದಿಲ್ಲ. ಧ್ವನಿ ಹುಟ್ಟುವ ಜಾಗವನ್ನೇ ಹಿಡಿದು ಅಕ್ಷರಗಳನ್ನು ಸಾಲುಗೊಳಿಸಿದ ನಮ್ಮ ವರ್ಣಮಾಲೆ ಪ, ಫ, ಬ, ಭ, ಮ ಐದನ್ನೂ ಒಂದೇ ವರ್ಗದಲ್ಲಿ ಕೂರಿಸಿದ್ದು ಸುಮ್ಮನೆ ಅಲ್ಲ.

ಕಾದಂಬರಿಯ ಗಂಟು ಬಿಚ್ಚಿಕೊಳ್ಳುವುದು ಈ ಎಲ್ಲೆಯ ಸುತ್ತಲೇ. ಅದನ್ನು ಇಲ್ಲಿ ಹೇಳಿಬಿಟ್ಟರೆ ಓದುವವರ ಸುಖ ಹೋದೀತು. ಕಿವಿ ಕೇಳದೆ ತರಗತಿ ಬಿಟ್ಟುಬಂದ ಮೇಷ್ಟರೊಬ್ಬರು ತಮ್ಮ ಕೊರತೆಯ ಬಗ್ಗೆ ಗೋಳು ತೋಡಿಕೊಳ್ಳದೆ, ಅದರ ಒಳಗುಟ್ಟನ್ನೇ ಕಥೆಯ ಕೀಲಿಯಾಗಿ ಮಾಡಿದರು ಎಂಬುದಷ್ಟನ್ನು ಗಮನಿಸಿದರೆ ಸಾಕು.

ಊಹೆ, ಲೆಕ್ಕ, ಮತ್ತೆ ಊಹೆ

ಮೋರ್ಸ್ ಹೇಗಿದ್ದಾನೆ? ಮದುವೆಯಾಗಿಲ್ಲ. ಆಕ್ಸ್‌ಫರ್ಡಿನಲ್ಲಿ ಓದಲು ಹೋಗಿ, ಪ್ರೇಮದಲ್ಲಿ ಬಿದ್ದು, ಪರೀಕ್ಷೆಯಲ್ಲಿ ನಪಾಸಾದವನು. ವ್ಯಾಗ್ನರ್‌ನ ಸಂಗೀತ, ಪದಬಂಧ, ಬಿಯರು ಇವು ಮೂರು ಅವನ ವ್ಯಸನಗಳು. ರಕ್ತ ಕಂಡರೆ ಹೊಟ್ಟೆ ತೊಳಸುತ್ತದೆ, ಎತ್ತರ ಕಂಡರೆ ತಲೆ ಸುತ್ತುತ್ತದೆ. ಬೇರೆಯವರ ವರದಿಯಲ್ಲಿ ಕಾಗುಣಿತದ ತಪ್ಪು ಕಂಡರೆ ಕೊಲೆಯ ವಿಷಯವನ್ನೂ ಮರೆತು ಅದನ್ನು ತಿದ್ದಲು ಕೂರುತ್ತಾನೆ. ಬಿಯರು ಕುಡಿಯದೆ ಯೋಚನೆ ಓಡುವುದಿಲ್ಲ ಎನ್ನುತ್ತಾನೆ, ಆದರೆ ಬಿಯರಿನ ದುಡ್ಡು ಕೊಡುವ ಸರದಿ ಸಾಮಾನ್ಯವಾಗಿ ಸಾರ್ಜೆಂಟ್ ಲೂಯಿಸ್‌ನದು.

ಇಂಥವನು ಮೊದಲ ಕಾದಂಬರಿಯಲ್ಲೇ ಒಂದು ಲೆಕ್ಕಕ್ಕೆ ಕೈಹಾಕುತ್ತಾನೆ. ಕೊಲೆಯಾದ ಹುಡುಗಿಯನ್ನು ಕಾರಿನಲ್ಲಿ ಕರೆದೊಯ್ದವನು ಉತ್ತರ ಆಕ್ಸ್‌ಫರ್ಡಿನವನು ಎಂದು ಭಾವಿಸಿ, ಅಲ್ಲಿರುವ ಗಂಡಸರ ಸಂಖ್ಯೆಯಿಂದ ಹೊರಡುತ್ತಾನೆ. ಇಂಥ ವಯಸ್ಸಿನವರು ಎಷ್ಟು ಪಾಲು, ಅವರಲ್ಲಿ ಇಂಥ ಅಭ್ಯಾಸದವರು ಎಷ್ಟು ಪಾಲು, ಕಾರುಳ್ಳವರು ಎಷ್ಟು ಪಾಲು ಎಂದು ಭಾಗಿಸುತ್ತ ಭಾಗಿಸುತ್ತ ಸಾವಿರಗಳನ್ನು ನೂರಕ್ಕೆ, ನೂರನ್ನು ಹತ್ತಕ್ಕೆ, ಕೊನೆಗೆ ಒಬ್ಬನಿಗೆ ಇಳಿಸುತ್ತಾನೆ. ಲೂಯಿಸ್ ಬಾಯಿಬಿಟ್ಟು ನೋಡುತ್ತಾನೆ.

ಲೆಕ್ಕ ಚೆಂದವಾಗಿದೆ, ಆದರೆ ಇಂಥ ಲೆಕ್ಕದಲ್ಲಿ ಒಂದು ಗುಂಡಿಯಿದೆ. ಒಂದು ಊರಿನಲ್ಲಿ ಸಾವಿರ ಗಂಡಸರಿದ್ದು, ಅರ್ಧದಷ್ಟು ಜನ ಕನ್ನಡಕ ಹಾಕುವವರು, ಅರ್ಧದಷ್ಟು ಜನ ಐವತ್ತು ದಾಟಿದವರು ಎಂದುಕೊಳ್ಳೋಣ. ಐವತ್ತು ದಾಟಿದ ಕನ್ನಡಕದವರು ಎಷ್ಟು? ಅರ್ಧದಲ್ಲಿ ಅರ್ಧ, ಅಂದರೆ 250 ಎಂದು ಗುಣಿಸುವವರು ಎಡವಿದಂತೆ. ವಯಸ್ಸಾದವರಲ್ಲೇ ಕನ್ನಡಕ ಹೆಚ್ಚು, ಹಾಗಾಗಿ ನಿಜವಾದ ಸಂಖ್ಯೆ 400 ಇದ್ದರೂ ಆಶ್ಚರ್ಯವಿಲ್ಲ. ಒಂದು ಗುಣ ಇನ್ನೊಂದನ್ನು ಅವಲಂಬಿಸದಿದ್ದಾಗ ಮಾತ್ರ ಪಾಲುಗಳನ್ನು ಹೀಗೆ ಗುಣಿಸಬಹುದು. ಮೋರ್ಸ್ ಅಷ್ಟೆಲ್ಲ ನೋಡುವವನಲ್ಲ. ಅವನಿಗೆ ಬೇಕಾದದ್ದು ಹುಡುಕಾಟ ಶುರುಮಾಡಲು ಒಂದು ದಿಕ್ಕು.

1976ರ 'ಲಾಸ್ಟ್ ಸೀನ್ ವೇರಿಂಗ್'ನಲ್ಲಂತೂ ಅವನ ಊಹೆಗಳು ಒಂದರ ಹಿಂದೊಂದು ಮುರಿದುಬೀಳುತ್ತವೆ. ಎರಡು ವರ್ಷದ ಹಿಂದೆ ಕಾಣೆಯಾದ ಶಾಲಾ ಬಾಲಕಿಯಿಂದ ತಾನು ಕ್ಷೇಮವಾಗಿದ್ದೇನೆಂದು ಕಾಗದ ಬರುತ್ತದೆ. ಅವಳು ಸತ್ತಿದ್ದಾಳೆ ಎಂದು ಮೋರ್ಸ್‌ನ ಹಟ. ಒಂದು ಕಥೆ ಕಟ್ಟುತ್ತಾನೆ, ಒಂದು ಸಣ್ಣ ಸಂಗತಿ ಅದನ್ನು ಕೆಡವುತ್ತದೆ. ಎರಡನೆಯದನ್ನು ಕಟ್ಟುತ್ತಾನೆ, ಅದೂ ಬೀಳುತ್ತದೆ. ಓದುಗ ಮೂರನೆಯದನ್ನು ನಂಬುವ ಹೊತ್ತಿಗೆ ಮೋರ್ಸ್‌ನೇ ಅದನ್ನು ಬಿಟ್ಟು ಮುಂದೆ ಹೋಗಿರುತ್ತಾನೆ. ಷರ್ಲಾಕ್ ಹೋಮ್ಸ್ ಸಾಮಾನ್ಯವಾಗಿ ಗುರಿಗೆ ನೇರವಾಗಿ ಬಾಣ ಬಿಡುವವನು. ಮೋರ್ಸ್ ಬತ್ತಳಿಕೆ ಬರಿದಾಗುವವರೆಗೆ ಬಿಡುತ್ತಾನೆ.

ಪ್ರಯೋಗಶಾಲೆಯ ಕೆಲಸ ಬಲ್ಲವರಿಗೆ ಇದು ಹೊಸದಲ್ಲ. ಊಹೆ ಕಟ್ಟುವುದು ವಿಜ್ಞಾನದ ಅರ್ಧ ಕೆಲಸ ಮಾತ್ರ. ಆ ಊಹೆ ಸುಳ್ಳಾದರೆ ಏನು ಕಾಣಬೇಕು ಎಂದು ಕೇಳಿಕೊಂಡು, ಕಂಡಾಗ ಅದನ್ನು ಕೈಬಿಡುವುದು ಉಳಿದರ್ಧ. ಮೊದಲರ್ಧಕ್ಕೆ ಬುದ್ಧಿ ಬೇಕು, ಎರಡನೆಯದಕ್ಕೆ ಬುದ್ಧಿಗಿಂತ ಹೆಚ್ಚಾಗಿ ಎದೆಗಾರಿಕೆ ಬೇಕು. ಮೋರ್ಸ್ ಜಂಬದವನಾದರೂ ಈ ಎರಡನೆಯ ಕೆಲಸಕ್ಕೆ ಹಿಂಜರಿಯುವುದಿಲ್ಲ. ಅವನ ದೊಡ್ಡಸ್ತಿಕೆ ಇರುವುದು ಅಲ್ಲಿ.

ಕಥೆಯ ಹೊರಗೆ

ಇದು ಬರೀ ಕಥೆಯ ಮಾತಲ್ಲ ಎಂಬುದಕ್ಕೆ ಅದೇ ಬ್ರಿಟನ್ನಿನ ಅದೇ ವರ್ಷಗಳು ಸಾಕ್ಷಿ. ಮೋರ್ಸ್‌ನ ಮೊದಲ ಪುಸ್ತಕ ಬಂದ 1975ರಲ್ಲೇ, ಬರ್ಮಿಂಗ್‌ಹ್ಯಾಮಿನ ಎರಡು ಪಬ್‌ಗಳಲ್ಲಿ ಹಿಂದಿನ ವರ್ಷ ಬಾಂಬ್ ಸಿಡಿದು 21 ಮಂದಿ ಸತ್ತ ಪ್ರಕರಣದಲ್ಲಿ ಆರು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಅವರ ವಿರುದ್ಧದ ಸಾಕ್ಷ್ಯಗಳಲ್ಲಿ ಗ್ರೀಸ್ ಪರೀಕ್ಷೆ ಎಂಬ ರಾಸಾಯನಿಕ ಪರೀಕ್ಷೆಯೂ ಒಂದು. ಕೈಯ ಮೇಲೆ ಸ್ಫೋಟಕದ ನೈಟ್ರೋಗ್ಲಿಸರಿನ್ ಅಂಟಿದ್ದರೆ ದ್ರಾವಣದ ಬಣ್ಣ ಬದಲಾಗುತ್ತದೆ ಎಂಬುದು ಅದರ ತತ್ವ. ಬಣ್ಣ ಬದಲಾಯಿತು, ನಿಜ. ಆದರೆ ಆ ಬಣ್ಣ ಬರಲು ಸ್ಫೋಟಕವೇ ಬೇಕೆಂದಿಲ್ಲ. ಇಸ್ಪೀಟು ಎಲೆಗಳ ಹೊಳಪು ಲೇಪದಲ್ಲಿರುವ ನೈಟ್ರೋಸೆಲ್ಯುಲೋಸ್ ಕೂಡ ಅದೇ ಬಣ್ಣ ಕೊಡಬಲ್ಲುದು. ಬಂಧಿತರಲ್ಲಿ ಐವರು ಆ ಸಂಜೆ ರೈಲಿನಲ್ಲಿ ಇಸ್ಪೀಟು ಆಡಿಕೊಂಡು ಹೋಗಿದ್ದವರು! ಪರೀಕ್ಷೆಯ ಮೇಲಿನ ನಂಬಿಕೆ ಕುಸಿದು, ಪೊಲೀಸರ ದಾಖಲೆಗಳ ಮೇಲಿನ ನಂಬಿಕೆಯೂ ಹೋಗಿ ಅವರು ಹೊರಬಂದದ್ದು 1991ರಲ್ಲಿ. ಹದಿನಾರು ವರ್ಷ ಕಳೆದಿತ್ತು.

ಇನ್ನೊಂದು ಪ್ರಕರಣ ಡೆಕ್ಸ್ಟರ್ ಒಮ್ಮೆ ಪಾಠ ಹೇಳಿದ ಲೆಸ್ಟರ್ ಊರಿನ ಬಳಿಯದು. 1983ರಲ್ಲೂ 1986ರಲ್ಲೂ ಅಕ್ಕಪಕ್ಕದ ಹಳ್ಳಿಗಳಲ್ಲಿ ಇಬ್ಬರು ಬಾಲಕಿಯರ ಕೊಲೆಯಾಯಿತು. ಹದಿನೇಳರ ಹುಡುಗನೊಬ್ಬ ಎರಡನೆಯ ಕೊಲೆಯನ್ನು ತಾನೇ ಮಾಡಿದೆನೆಂದು ಒಪ್ಪಿಕೊಂಡ. ಮೊದಲನೆಯದನ್ನೂ ಅವನೇ ಮಾಡಿರಬೇಕು ಎಂಬುದು ಪೊಲೀಸರ ಊಹೆ. ಡಿಎನ್‌ಎ ಬೆರಳಚ್ಚಿನ ವಿಧಾನವನ್ನು 1984ರಲ್ಲಿ ಕಂಡುಹಿಡಿದಿದ್ದ ಅಲೆಕ್ ಜೆಫ್ರೀಸ್ ಅದೇ ಊರಿನ ವಿಶ್ವವಿದ್ಯಾಲಯದಲ್ಲಿದ್ದರು. ಅವರ ಪರೀಕ್ಷೆ ಹೇಳಿದ್ದು ಎರಡು ಸಂಗತಿ. ಎರಡೂ ಕೊಲೆ ಮಾಡಿದವನು ಒಬ್ಬನೇ, ಆದರೆ ಆ ಒಬ್ಬ ಈ ಹುಡುಗನಲ್ಲ. ಪೊಲೀಸರು ತಮ್ಮ ಊಹೆಯನ್ನು ಬಿಟ್ಟುಕೊಟ್ಟು, ಸುತ್ತಲಿನ ಹಳ್ಳಿಗಳ ಸಾವಿರಾರು ಗಂಡಸರ ರಕ್ತದ ಮಾದರಿ ಪಡೆದರು. ಬೇರೊಬ್ಬನನ್ನು ತನ್ನ ಹೆಸರಿನಲ್ಲಿ ರಕ್ತ ಕೊಡಲು ಕಳಿಸಿದ್ದ ಅಪರಾಧಿ 1987ರಲ್ಲಿ ಸಿಕ್ಕಿಬಿದ್ದ. ಡಿಎನ್‌ಎ ಮೊದಲ ಸಲ ಕೊಲೆಯ ತನಿಖೆಗೆ ಬಂದಾಗ ಮಾಡಿದ ಮೊದಲ ಕೆಲಸ ಅಪರಾಧಿಯನ್ನು ಹಿಡಿದದ್ದಲ್ಲ, ನಿರಪರಾಧಿಯನ್ನು ಬಿಡಿಸಿದ್ದು. ಇದನ್ನು ನೆನಪಿಡುವವರು ಕಡಿಮೆ.

ಒಂದೆಡೆ ಊಹೆಯನ್ನು ಹಿಡಿದುಕೊಂಡೇ ಕೂತರು, ಇನ್ನೊಂದೆಡೆ ಬಿಟ್ಟರು. ನಡುವಿನ ಅಂತರ ಹದಿನಾರು ವರ್ಷದ ಸೆರೆಮನೆ. ಮೋರ್ಸ್ ಒಂದು ಪುಸ್ತಕದಲ್ಲಿ ನಾಲ್ಕು ಸಲ ತಪ್ಪಿದಾಗ ಓದುಗ ನಗಬಹುದು. ಆ ನಗುವಿನ ಹಿಂದೆ ಇಷ್ಟು ದೊಡ್ಡ ವಿಷಯ ಇದೆ.

ನೂರು ವರ್ಷ ಹಳೆಯ ಗಲ್ಲು

ಡೆಕ್ಸ್ಟರ್ ಅವರು ಈ ವಿಷಯವನ್ನು ನೇರವಾಗಿ ಮುಟ್ಟಿದ್ದು 1989ರ 'ದಿ ವೆಂಚ್ ಈಸ್ ಡೆಡ್'ನಲ್ಲಿ. ಹೊಟ್ಟೆಹುಣ್ಣಿನಿಂದ ರಕ್ತ ಹರಿದು ಮೋರ್ಸ್ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದಾನೆ. ಅದೇ ವಾರ್ಡಿನಲ್ಲಿ ತೀರಿಕೊಂಡ ನಿವೃತ್ತ ಕರ್ನಲ್ ಒಬ್ಬನು ಬರೆದ ಸಣ್ಣ ಪುಸ್ತಕ ಅವನ ಕೈಗೆ ಬರುತ್ತದೆ. 1859ರಲ್ಲಿ ಆಕ್ಸ್‌ಫರ್ಡ್ ಕಾಲುವೆಯ ದೋಣಿಯಲ್ಲಿ ಪಯಣಿಸುತ್ತಿದ್ದ ಹೆಂಗಸೊಬ್ಬಳ ಕೊಲೆಯಾಗಿ, ದೋಣಿಯಾಳುಗಳಲ್ಲಿ ಇಬ್ಬರನ್ನು ಗಲ್ಲಿಗೇರಿಸಿದ ಕಥೆ. ಓದುತ್ತ ಓದುತ್ತ ಮೋರ್ಸ್‌ನಿಗೆ ಆ ತೀರ್ಪು ಸರಿಯಿಲ್ಲ ಎನಿಸುತ್ತದೆ. ಸಾಕ್ಷಿಗಳು ಸತ್ತು ಶತಮಾನ ಕಳೆದಿದೆ. ವಿಚಾರಣೆಗೆ ಕರೆಯಲು ಒಬ್ಬನೂ ಇಲ್ಲ. ಹಾಸಿಗೆಯಿಂದೇಳದೆ, ಲೂಯಿಸ್‌ನನ್ನು ದಾಖಲೆಗಳ ಬೆನ್ನು ಹತ್ತಿಸಿ, ಹಳೆಯ ಮನೆಯೊಂದರ ಗೋಡೆಯಲ್ಲಿ ಮಕ್ಕಳ ಎತ್ತರ ಗುರುತಿಸಿದ ಗೆರೆಗಳವರೆಗೂ ಅವನು ಜಾಡು ಹಿಡಿಯುತ್ತಾನೆ.

ಇದಕ್ಕೆ ಮೂಲ ಒಂದು ನಿಜ ಘಟನೆ. 1839ರಲ್ಲಿ ಕ್ರಿಸ್ಟಿನಾ ಕಾಲಿನ್ಸ್ ಎಂಬ ಹೆಂಗಸು ಲಂಡನ್ನಿನಲ್ಲಿದ್ದ ಗಂಡನನ್ನು ಸೇರಲು ಸರಕು ದೋಣಿಯಲ್ಲಿ ಹೊರಟು, ಸ್ಟಾಫರ್ಡ್‌ಷೈರಿನ ರೂಜ್ಲಿ ಬಳಿ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಳು. ಮರುವರ್ಷ ಇಬ್ಬರು ದೋಣಿಯವರಿಗೆ ಗಲ್ಲಾಯಿತು. ಡೆಕ್ಸ್ಟರ್ ಕಾಲವನ್ನೂ ಕಾಲುವೆಯನ್ನೂ ಬದಲಿಸಿ, ಬೇರೆಯೇ ಮುಕ್ತಾಯ ಕೊಟ್ಟರು. ಬ್ರಿಟನ್ನಿನಲ್ಲಿ ಕೊಲೆಗೆ ಮರಣದಂಡನೆ 1965ರಲ್ಲಿ ತಡೆಹಿಡಿಯಲ್ಪಟ್ಟು 1969ರಲ್ಲಿ ಶಾಶ್ವತವಾಗಿ ನಿಂತಿತು. ಬರ್ಮಿಂಗ್‌ಹ್ಯಾಮಿನ ಆರು ಜನ ಹೊರಬರಲು ಸಾಧ್ಯವಾದದ್ದು ಅವರು ಬದುಕಿದ್ದರಿಂದ. ಕಾದಂಬರಿಯ ದೋಣಿಯವರಿಗೆ ಮೋರ್ಸ್ ಕೊಟ್ಟದ್ದು ಸತ್ಯ ಮಾತ್ರ, ಜೀವವನ್ನಲ್ಲ. ಈ ಪುಸ್ತಕಕ್ಕೆ ಬ್ರಿಟನ್ನಿನ ಅಪರಾಧ ಕಥೆಗಾರರ ಸಂಘದ 'ಗೋಲ್ಡ್ ಡ್ಯಾಗರ್' ಪ್ರಶಸ್ತಿ ಬಂತು. 1992ರ 'ದಿ ವೇ ಥ್ರೂ ದಿ ವುಡ್ಸ್' ಅದೇ ಪ್ರಶಸ್ತಿಯನ್ನು ಮತ್ತೊಮ್ಮೆ ತಂದಿತು.

ಕಲೆಗಳಿಲ್ಲದ ಚಂದ್ರನಲ್ಲ

ಮೋರ್ಸ್‌ನನ್ನು ಹೊಗಳುವಾಗ ಅವನ ಕಲೆಗಳನ್ನು ಮುಚ್ಚಿಡಬೇಕಿಲ್ಲ. ಮೊದಲ ಕಾದಂಬರಿಗಳಲ್ಲಿ ಹೆಂಗಸರನ್ನು ಅವನು ನೋಡುವ ದೃಷ್ಟಿ ಇಂದು ಓದಿದರೆ ಮುಜುಗರ ತರುತ್ತದೆ. ಸತ್ತ ಹುಡುಗಿಯ ಬಗ್ಗೆ, ಸಾಕ್ಷಿಯಾಗಿ ಬಂದ ನರ್ಸಿನ ಬಗ್ಗೆ ಅಲ್ಲಿ ಬರುವ ಮಾತುಗಳನ್ನು ಆ ಕಾಲದ ರೂಢಿ ಎಂದು ತಳ್ಳಿಹಾಕಿದರೂ ಅವು ಮನಸ್ಸಿಗೆ ಕಚ್ಚುತ್ತವೆ. ಕಿರುತೆರೆಯವರು ಇದನ್ನು ಬಹಳಷ್ಟು ತಿದ್ದಿದರು. ಜಾನ್ ಥಾ ಎಂಬ ದೊಡ್ಡ ನಟ ಆ ಪಾತ್ರಕ್ಕೆ ಒಂದು ಬಗೆಯ ಒಂಟಿತನದ ಘನತೆ ತಂದುಕೊಟ್ಟರು. ಪುಸ್ತಕದ ಲ್ಯಾನ್ಸಿಯಾ ಕಾರು ತೆರೆಯ ಮೇಲೆ ಕೆಂಪು ಜಾಗ್ವಾರ್ ಆಯಿತು. ಜನ ಅದನ್ನೇ ಮೆಚ್ಚಿದ್ದರಿಂದ ಮುಂದಿನ ಕಾದಂಬರಿಗಳಲ್ಲಿ ಡೆಕ್ಸ್ಟರ್ ಅವರೂ ಜಾಗ್ವಾರನ್ನೇ ಓಡಿಸಿದರು. ಪುಸ್ತಕದಲ್ಲಿ ವೇಲ್ಸ್ ಮೂಲದ ಹಿರಿಯನಾಗಿದ್ದ ಲೂಯಿಸ್, ಕೆವಿನ್ ವೇಟ್ಲಿಯ ರೂಪದಲ್ಲಿ ಉತ್ತರ ಇಂಗ್ಲೆಂಡಿನ ತರುಣನಾದ.

ಲೂಯಿಸ್‌ನ ವಿಷಯದಲ್ಲಿ ಮೋರ್ಸ್ ನಡೆದುಕೊಳ್ಳುವುದೂ ಹೊಗಳುವಂಥದ್ದಲ್ಲ. ಬೈಗುಳ ಅವನಿಗೆ, ಅಲೆದಾಟ ಅವನಿಗೆ, ಹೆಸರು ಮಾತ್ರ ಮೋರ್ಸ್‌ನಿಗೆ. ಆದರೆ ಮೋರ್ಸ್‌ನ ಒಂದೊಂದು ಊಹೆಯನ್ನೂ ನೆಲಕ್ಕೆ ತಾಗಿಸಿ ನೋಡುವವನು ಲೂಯಿಸ್‌ನೇ. ಇಂಥವನು ಆ ದಿನ ಆ ಊರಿನಲ್ಲಿ ಇರಲೇ ಇಲ್ಲ ಎಂದು ಅವನು ತಂದ ಒಂದು ಸಾಲಿನ ಸುದ್ದಿ ಎಷ್ಟೋ ಸಲ ಇಡೀ ಕಟ್ಟಡವನ್ನು ಉರುಳಿಸುತ್ತದೆ. ಹೆಂಡತಿ ಮಕ್ಕಳೊಂದಿಗೆ ಬಾಳುವ, ಮೊಟ್ಟೆ-ಚಿಪ್ಸ್ ತಿಂದು ತೃಪ್ತನಾಗುವ ಈ ಸಾಮಾನ್ಯ ಮನುಷ್ಯ ಇಲ್ಲದಿದ್ದರೆ ಮೋರ್ಸ್ ಬರೀ ಜಾಣ ಕಥೆಗಾರನಾಗಿ ಉಳಿಯುತ್ತಿದ್ದ. ಪ್ರತಿ ಊಹೆಗಾರನಿಗೂ ಪಕ್ಕದಲ್ಲಿ ಒಬ್ಬ ಲೂಯಿಸ್ ಬೇಕು. ಅವನ ಮಾತು ಕೇಳುವ ಕಿವಿಯೂ ಬೇಕು.

ಹೆಸರಿನ ಗುಟ್ಟು

ಮೋರ್ಸ್‌ನ ಮೊದಲ ಹೆಸರೇನು ಎಂಬುದನ್ನು ಡೆಕ್ಸ್ಟರ್ ಇಪ್ಪತ್ತು ವರ್ಷ ಬಚ್ಚಿಟ್ಟರು. 1996ರ 'ಡೆತ್ ಈಸ್ ನೌ ಮೈ ನೇಬರ್'ನಲ್ಲಿ ಅದು ಹೊರಬಿತ್ತು: ಎಂಡೆವರ್, ಅಂದರೆ ಪ್ರಯತ್ನ. ತಾಯಿ ಕ್ವೇಕರ್ ಪಂಥದವಳು, ಆ ಪಂಥದಲ್ಲಿ ಸದ್ಗುಣಗಳ ಹೆಸರನ್ನು ಮಕ್ಕಳಿಗೆ ಇಡುವ ರೂಢಿಯಿತ್ತು. ತಂದೆಗೆ ನಾವಿಕ ಜೇಮ್ಸ್ ಕುಕ್ ಎಂದರೆ ಭಕ್ತಿ. ಕುಕ್‌ನ ಹಡಗಿನ ಹೆಸರು ಎಂಡೆವರ್. 1768ರಲ್ಲಿ ಹೊರಟ ಆ ಹಡಗು 1769ರ ಜೂನಿನಲ್ಲಿ ತಾಹಿತಿ ದ್ವೀಪದಲ್ಲಿದ್ದದ್ದು ಶುಕ್ರ ಗ್ರಹ ಸೂರ್ಯಬಿಂಬವನ್ನು ಹಾದುಹೋಗುವುದನ್ನು ಅಳೆಯಲು. ಅದರಿಂದ ಸೂರ್ಯನ ದೂರ ತಿಳಿಯಬೇಕಿತ್ತು. ಅಂಚು ಕಲಸಿದಂತೆ ಕಂಡು, ಒಟ್ಟಿಗೇ ನೋಡಿದವರ ಗಡಿಯಾರದ ಲೆಕ್ಕಗಳೇ ಒಂದಕ್ಕೊಂದು ಹೊಂದಲಿಲ್ಲ. ಕುಕ್ ಆ ವ್ಯತ್ಯಾಸವನ್ನು ಮುಚ್ಚಿಡದೆ ಹಾಗೆಯೇ ಬರೆದಿಟ್ಟ. ಭೂಮಿಯ ಬೇರೆ ಬೇರೆ ಕಡೆಯಿಂದ ಬಂದ ಇಂಥ ಅಳತೆಗಳನ್ನೆಲ್ಲ ಕೂಡಿಸಿ ಪಡೆದ ಸೂರ್ಯನ ದೂರ ಇಂದಿನ ಅಳತೆಗೆ ಬಹಳ ಹತ್ತಿರವಾಗಿತ್ತು.

ಅದೇ 1996ರ ಕಾದಂಬರಿಯಲ್ಲಿ ಮೋರ್ಸ್‌ನಿಗೆ ಸಕ್ಕರೆ ಕಾಯಿಲೆ ಇರುವುದೂ ಪತ್ತೆಯಾಗುತ್ತದೆ. ಡೆಕ್ಸ್ಟರ್ ಅವರಿಗೂ ಆ ಕಾಯಿಲೆಯಿತ್ತು, ಹಾಗಾಗಿ ಇನ್ಸುಲಿನ್ ಸೂಜಿ, ಪಥ್ಯ, ರಕ್ತಪರೀಕ್ಷೆಯ ವಿವರಗಳು ಕರಾರುವಾಕ್ಕಾಗಿವೆ. ಸೃಷ್ಟಿಸಿದವರು ಪಥ್ಯಕ್ಕೆ ಬಗ್ಗಿದರು, ಸೃಷ್ಟಿಯಾದವನು ಬಗ್ಗಲಿಲ್ಲ. ಊಹೆಯ ತಪ್ಪನ್ನು ಒಪ್ಪಿಕೊಳ್ಳಲು ಹಿಂಜರಿಯದ ಮೋರ್ಸ್ ಬಾಟಲಿಯ ತಪ್ಪನ್ನು ಮಾತ್ರ ಒಪ್ಪಲಿಲ್ಲ. ವೈದ್ಯರು ಸಾಕ್ಷ್ಯವನ್ನು ಎದುರಿಗಿಟ್ಟರೂ ತೀರ್ಪನ್ನು ಮುಂದೂಡುತ್ತಲೇ ಹೋದ. 1999ರ 'ದಿ ರಿಮೋರ್ಸ್‌ಫುಲ್ ಡೇ'ಯಲ್ಲಿ ಅವನು ಸಾಯುತ್ತಾನೆ. ಆ ಶೀರ್ಷಿಕೆಯ ನಡುವೆಯೇ ಅವನ ಹೆಸರಿನ ಅಕ್ಷರಗಳು ಕೂತಿವೆ. ಪದಬಂಧದ ಗೀಳು ಕೊನೆಯವರೆಗೂ ಬಿಡಲಿಲ್ಲ. ಜಾನ್ ಥಾ 2002ರಲ್ಲಿ ತೀರಿಕೊಂಡರು, ಡೆಕ್ಸ್ಟರ್ 2017ರಲ್ಲಿ.

ಮೋರ್ಸ್‌ನನ್ನು ಇನ್ನೂ ಓದದವರು ಮೊದಲ ಪುಸ್ತಕದಿಂದಲೇ ತೊಡಗಬೇಕೆಂದಿಲ್ಲ. ಪರೀಕ್ಷೆ, ಶಾಲೆ, ಮೇಷ್ಟರಗಿರಿಯ ಒಡನಾಟ ಇದ್ದವರಿಗೆ ಕ್ವಿನ್‌ನ ಕಥೆ ಹಿಡಿಸೀತು. ಹಳೆಯ ದಾಖಲೆಗಳ ವಾಸನೆ ಇಷ್ಟವಾದವರಿಗೆ ಕಾಲುವೆಯ ಕೊಲೆ ಇದೆ. ಯಾವುದನ್ನು ಹಿಡಿದರೂ ಪಕ್ಕದಲ್ಲೊಂದು ಕಾಗದ, ಪೆನ್ಸಿಲು ಇಟ್ಟುಕೊಳ್ಳುವುದು ಒಳ್ಳೆಯದು. ನೂರನೆಯ ಪುಟದ ಹೊತ್ತಿಗೆ ಕೊಲೆಗಾರ ಯಾರೆಂದು ತಮಗೆ ಗೊತ್ತಾಯಿತು ಎನಿಸಿದವರು ಆ ಹೆಸರನ್ನು ಬರೆದಿಡಲಿ. ಇನ್ನೂರನೆಯ ಪುಟದಲ್ಲಿ ಅದನ್ನು ಹೊಡೆದುಹಾಕುವಾಗ ಬೇಸರಪಡದಿರಲಿ. ಅಷ್ಟು ಹೊತ್ತಿಗೆ ಮೋರ್ಸ್ ಕೂಡ ತನ್ನದನ್ನು ಹೊಡೆದುಹಾಕಿರುತ್ತಾನೆ.